ಕಲಿಕೆ ಆ್ಯಪ್‌ನಲ್ಲಿ ಯಾವುದನ್ನು ಸುಲಭ ಮಾಡಬೇಕು, ಯಾವುದನ್ನು ಮಾಡಬಾರದು?

ಪ್ರಶ್ನೆ: ನಮ್ಮದು ಚಿಕ್ಕ ತಂಡ. ಸ್ಪ್ರೆಡ್‌ಶೀಟ್ ಬಳಕೆಯನ್ನು ಹೊಸಬರಿಗೆ ಕಲಿಸುವ ಆ್ಯಪ್ ಮಾಡಿದ್ದೇವೆ. ಪಾಠ ಮುಗಿಸಿದವರೆಲ್ಲ "ಸುಲಭವಾಗಿತ್ತು, ಚೆನ್ನಾಗಿ ಅರ್ಥ ಆಯ್ತು" ಅನ್ನುತ್ತಾರೆ. ಒಂದು ವಾರ ಬಿಟ್ಟು ಖಾಲಿ ಶೀಟ್ ಕೊಟ್ಟರೆ ಮೊತ್ತದ ಸೂತ್ರವನ್ನೂ ಬರೆಯಲು ತಡಕಾಡುತ್ತಾರೆ. ತಂಡದಲ್ಲಿ ಕೆಲವರು ಇನ್ನೂ ಸರಳ ಮಾಡೋಣ ಅನ್ನುತ್ತಿದ್ದಾರೆ, ಉಳಿದವರು ಕಷ್ಟದ ಪರೀಕ್ಷೆ ಇಡೋಣ ಅನ್ನುತ್ತಿದ್ದಾರೆ. ಇಂಥ ಕೆಲಸ ಮಾಡಿದವರು ನಿಮ್ಮ ಅನುಭವ ಹೇಳುತ್ತೀರಾ?

ಪಾಠ ವಿನ್ಯಾಸ ಮಾಡುವವರು: ಎರಡೂ ಕಡೆಯವರು ಹೇಳುವುದು ಸರಿಯೇ, ಆದರೆ ಬೇರೆ ಬೇರೆ ಜಾಗಕ್ಕೆ. ಬಳಸುವವರ ತಲೆಗೆ ನಾವು ಎರಡು ಥರದ ಕೆಲಸ ಕೊಡುತ್ತೇವೆ. ಬಟನ್ ಎಲ್ಲಿದೆ, ಒತ್ತಿದರೆ ಏನಾಗುತ್ತದೆ, ವಾಪಸ್ ಹೋಗುವುದು ಹೇಗೆ, ಇವೆಲ್ಲ ಸುಮ್ನೆ ಹೊರೆ. ಎಷ್ಟು ಇಳಿಸಿದರೂ ಒಳ್ಳೆಯದೇ. ಆದರೆ ಸೂತ್ರದಲ್ಲಿ ಈ ಸೆಲ್ (ಶೀಟ್‌ನ ಒಂದು ಚೌಕ) ಯಾಕೆ ಬಂತು ಅಂತ ಯೋಚಿಸುವುದು ಹೊರೆಯಲ್ಲ, ಅದೇ ಕಲಿಕೆ. ಅದನ್ನೂ ಇಳಿಸಿಬಿಟ್ಟರೆ ಪಾಠ ನುಣ್ಣಗೆ ಜಾರಿ ಹೋಗುತ್ತದೆ, ಏನೂ ಉಳಿಯುವುದಿಲ್ಲ. ಮನೋವಿಜ್ಞಾನಿ ಜಾನ್ ಸ್ವೆಲರ್ 1988ರಿಂದ ಬೆಳೆಸುತ್ತ ಬಂದ ಕಾಗ್ನಿಟಿವ್ ಲೋಡ್ (ತಲೆಯ ಮೇಲಿನ ಹೊರೆ) ಸಿದ್ಧಾಂತದ ತಿರುಳು ಇದೇ.

ನಾವು ಒಂದೇ ಸಲಕ್ಕೆ ತಲೆಯಲ್ಲಿ ಹಿಡಿದಿಡಬಹುದಾದದ್ದು ತುಂಬಾ ಕಡಿಮೆ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು 7 ಸಂಗತಿ ಅಂದರು. 2001ರಲ್ಲಿ ನೆಲ್ಸನ್ ಕೋವನ್ ಅದು ಸುಮಾರು 4 ಅಷ್ಟೇ ಅಂದರು. ಇದನ್ನು ಹಿಡಿದುಕೊಂಡು "ಮೆನುವಿನಲ್ಲಿ 7ಕ್ಕಿಂತ ಜಾಸ್ತಿ ಇರಬಾರದು" ಅನ್ನುವವರು ನಿಮಗೆ ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಮೆನು ಕಣ್ಣೆದುರೇ ಇರುತ್ತದೆ, ಅದನ್ನು ನೆನಪಿಡಬೇಕಾಗಿಲ್ಲ. ಒಂದು ಪರದೆಯಲ್ಲಿ ಓದಿದ್ದನ್ನು ಇನ್ನೊಂದು ಪರದೆಗೆ ತಲೆಯಲ್ಲೇ ಹೊತ್ತುಕೊಂಡು ಹೋಗಬೇಕಾದಾಗ ಕಷ್ಟ ಶುರುವಾಗುತ್ತದೆ.

ನಾನು ಕೈಹಾಕಿದ ಒಂದು ಕೋರ್ಸ್‌ನಲ್ಲಿ ವಿವರಣೆ ಮೇಲೆ, ಅಭ್ಯಾಸದ ಟೇಬಲ್ ಕೆಳಗೆ ಇತ್ತು. ಜನ ಮೇಲೆ ಕೆಳಗೆ ಸ್ಕ್ರೋಲ್ ಮಾಡುತ್ತಲೇ ಇರುತ್ತಿದ್ದರು. ವಿವರಣೆಯನ್ನು ತುಂಡು ಮಾಡಿ ಆಯಾ ಸೆಲ್ ಪಕ್ಕಕ್ಕೇ ತಂದೆವು. ಪಾಠದ ಮಾತು ಬದಲಾಗಲಿಲ್ಲ, ಆದರೂ "ಇದು ಯಾವ ಸಾಲಿನ ಬಗ್ಗೆ ಹೇಳ್ತಿದೆ?" ಅನ್ನುವ ಪ್ರಶ್ನೆಗಳು ಬಹಳ ಕಡಿಮೆಯಾದವು. ವೀಡಿಯೊದಲ್ಲಿ ಹೇಳುವ ಮಾತನ್ನೇ ಅಕ್ಷರಕ್ಕೆ ಅಕ್ಷರ ಪರದೆಯ ಮೇಲೂ ತುಂಬುವುದನ್ನು ಬಿಟ್ಟೆವು. ಸಬ್‌ಟೈಟಲ್ ಮಾತ್ರ ಬೇಕಾದಾಗ ಹಾಕಿಕೊಳ್ಳುವ ಹಾಗೆ ಉಳಿಸಿದೆವು. ಕಿವಿ ಕೇಳದವರಿಗೆ, ಪಾಠದ ಭಾಷೆ ಹೊಸದಾದವರಿಗೆ ಅದು ಬೇಕೇ ಬೇಕು.

ಇನ್ನು ಮರೆಯುವ ವಿಚಾರ. ನೆನಪಿನ ಬಗ್ಗೆ ಸಂಶೋಧನೆ ಮಾಡುವ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಿಮ್ಮ ತಂಡಕ್ಕೆ ಹೇಳಿ. ವಿದ್ಯಾರ್ಥಿಗಳು ಒಂದು ಬರಹ ಓದಿದರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಬರಹ ಪಕ್ಕಕ್ಕಿಟ್ಟು ನೆನಪಾದಷ್ಟನ್ನು ಬರೆದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು 56% ಹೇಳಿದರು, ಮತ್ತೆ ಓದಿದವರು 42%. ನಿಮ್ಮ ಆ್ಯಪ್ ಈಗ ಅಳೆಯುತ್ತಿರುವುದು ಆ 5ನೇ ನಿಮಿಷವನ್ನು. "ಸುಲಭವಾಗಿತ್ತು" ಅನ್ನುವ ಮಾತನ್ನು ಪರದೆಯ ಬಗ್ಗೆ ನಂಬಿ, ಕಲಿಕೆಯ ಬಗ್ಗೆ ನಂಬಬೇಡಿ.

ಇಂಟರ್‌ಫೇಸ್ ಡಿಸೈನರ್: ಮೇಲಿನವರು ಹೇಳಿದ "ಸುಮ್ನೆ ಹೊರೆ" ಎಲ್ಲಿದೆ ಅಂತ ತಂಡದೊಳಗೆ ವಾದ ಮಾಡಿ ತಿಳಿಯುವುದಿಲ್ಲ. ಬಳಸುವವರ ಪಕ್ಕ ಕೂತು, ತಲೆಯಲ್ಲಿ ಓಡುವುದನ್ನು ಬಾಯಿಬಿಟ್ಟು ಹೇಳುತ್ತ ಹೋಗಲು ಕೇಳಿ. ಬಟನ್ ಒತ್ತುವ ಮುಂಚೆ "ಈಗ ಏನಾಗುತ್ತೆ ಅಂದುಕೊಂಡಿದ್ದೀರಿ?" ಅಂತ ಕೇಳಿ. ನನಗೆ ಅತಿ ಹೆಚ್ಚು ಕಲಿಸಿದ ಪ್ರಶ್ನೆ ಇದು. ನಡುವೆ ಸಹಾಯ ಮಾಡುವ ಆಸೆ ಬಹಳ ಆಗುತ್ತದೆ, ಆದರೂ ತಡೆದುಕೊಳ್ಳಿ.

5 ಜನರ ಜೊತೆ ಕೂತರೆ ಸುಮಾರು 85% ತೊಂದರೆಗಳು ಸಿಗುತ್ತವೆ ಅನ್ನುವ, ಬಳಕೆ ಪರೀಕ್ಷೆಯ ತಜ್ಞ ಯಾಕೋಬ್ ನೀಲ್ಸನ್ ಲೆಕ್ಕ ಪ್ರಸಿದ್ಧ. ಅದು ಒಂದೇ ಥರದ ಬಳಕೆದಾರರ ಸರಾಸರಿ ಲೆಕ್ಕ. ಹೊಸಬರೂ ಅನುಭವ ಇದ್ದವರೂ ಬರುವ ಆ್ಯಪ್ ಆದರೆ ಎರಡು ಗುಂಪನ್ನೂ ಬೇರೆ ಬೇರೆಯಾಗಿ ನೋಡಿ.

ತಪ್ಪು ಉತ್ತರಕ್ಕೆ ನಿಮ್ಮ ಆ್ಯಪ್ ಏನು ಹೇಳುತ್ತದೆ ಅಂತಲೂ ಒಮ್ಮೆ ನೋಡಿ. ಬರೀ ಕೆಂಪು ಬಣ್ಣ, "ತಪ್ಪು" ಅನ್ನುವ ಪದ ಇದ್ದರೆ ಸಾಲದು. "ನೀವು ಸೇರಿಸಿದ ಸಾಲುಗಳಲ್ಲಿ ತಲೆಬರಹವೂ ಬಂದಿದೆ" ಅಂದರೆ ಮುಂದೇನು ಮಾಡಬೇಕು ಅಂತ ತಿಳಿಯುತ್ತದೆ. ಬಣ್ಣ ಗುರುತಿಸಲು ಕಷ್ಟ ಇರುವವರಿಗೆ ಕೆಂಪು ಕಾಣದೆಯೂ ಹೋಗಬಹುದು.

ತರಬೇತಿ ಕೊಡುವವರು: ಒಂದು ಎಚ್ಚರ. ಮರೆಯುತ್ತಾರೆ ಅಂತ ಮೊದಲ ದಿನವೇ ಖಾಲಿ ಶೀಟ್ ಕೊಡಬೇಡಿ. ಏನೂ ಗೊತ್ತಿಲ್ಲದವರು ಅಲ್ಲಿ ಯೋಚಿಸುವುದಿಲ್ಲ, ಹುಡುಕಾಡುತ್ತಾರೆ. ನಾನು ಮಾಡುವುದು ಹೀಗೆ: ಮೊದಲು ಒಂದು ಲೆಕ್ಕವನ್ನು ಎಲ್ಲ ಹಂತಗಳೊಂದಿಗೆ ಪೂರ್ತಿ ಬಿಡಿಸಿ ತೋರಿಸುತ್ತೇನೆ. ಮುಂದಿನದರಲ್ಲಿ ಕೊನೆಯ ಹಂತ ಮಾತ್ರ ಖಾಲಿ. ಅದರ ಮುಂದಿನದರಲ್ಲಿ ಇನ್ನೊಂದು ಹಂತ ಖಾಲಿ. ಹೀಗೆ ಆಸರೆ ಒಂದೊಂದೇ ತೆಗೆಯುತ್ತ ಹೋದರೆ ಖಾಲಿ ಶೀಟ್ ಬರುವ ಹೊತ್ತಿಗೆ ಹೆದರಿಕೆ ಇರುವುದಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೊಸಬರಿಗೆ ಸಹಾಯ ಮಾಡಿದ ವಿವರಣೆಯೇ ಗೊತ್ತಿರುವವರಿಗೆ ಅಡ್ಡಿಯಾಗುತ್ತದೆ. ಸ್ಲಾವಾ ಕಲ್ಯೂಗಾ ಮತ್ತು ಜೊತೆಗಾರರು ಇದರ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ. ಪಾಠದ ಶುರುವಿನಲ್ಲೇ ಒಂದು ಚಿಕ್ಕ ಲೆಕ್ಕ ಕೊಟ್ಟು, ಮಾಡಿದವರನ್ನು ನೇರ ಮುಂದಕ್ಕೆ ಬಿಡಿ. "ನೀವು ಹೊಸಬರಾ, ಅನುಭವಿಗಳಾ?" ಅಂತ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಬ್ಬರು: ದಿನ ತಪ್ಪದೆ ಬಂದರೆ ಪಾಯಿಂಟ್ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಒಮ್ಮೆ ಯೋಚಿಸಿ. ದಿನಗಳ ಸರಣಿ ತಪ್ಪಬಾರದು ಅಂತ ಜನ ಅತಿ ಸುಲಭದ ಪಾಠವನ್ನೇ ತೆರೆದು ಮುಚ್ಚುವುದನ್ನು ನಾನು ನೋಡಿದ್ದೇನೆ. ಪಾಯಿಂಟ್ ಕೊಡುವುದೇ ಆದರೆ ಹಳೆಯ ಪಾಠದ ಒಂದು ಪ್ರಶ್ನೆಗೆ ನೆನಪಿನಿಂದ ಉತ್ತರಿಸಿದ್ದಕ್ಕೆ ಕೊಡಿ. ಬಿಡುವು ಕೊಟ್ಟು ಮತ್ತೆ ಕಲಿತರೆ ನೆನಪು ಗಟ್ಟಿಯಾಗುತ್ತದೆ ಅಂತ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದರು. ಆ ಬಿಡುವನ್ನು ಲೆಕ್ಕ ಇಟ್ಟು ಸರಿಯಾದ ಹೊತ್ತಿಗೆ ಪ್ರಶ್ನೆ ಮುಂದಿಡುವುದು ಆ್ಯಪ್‌ಗೆ ತುಂಬಾ ಸಲೀಸು, ಅಲ್ವಾ?

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯಿತು. ಒಂದೇ ಅನುಮಾನ. ನೆನಪಿನಿಂದ ಬರೆಯಿರಿ ಅಂದ ಕೂಡಲೇ ಜನ ಆ್ಯಪ್ ಮುಚ್ಚಿ ಹೋದರೆ?

ಪಾಠ ವಿನ್ಯಾಸ ಮಾಡುವವರು: ಅದಕ್ಕೆ ಪರೀಕ್ಷೆ ಅನ್ನುವ ಹೆಸರನ್ನೇ ಇಡಬೇಡಿ, ಅಂಕವೂ ಬೇಡ. ಪಾಠದ ನಡುವೆಯೇ ಒಂದೊಂದು ಪ್ರಶ್ನೆ ಬರಲಿ. ಸುಳಿವು ಬೇಕಾದವರಿಗೆ ಸ್ವಲ್ಪ ಸ್ವಲ್ಪವಾಗಿ ಸಿಗಲಿ: ಮೊದಲು ಸೂತ್ರದ ಹೆಸರು, ಆಮೇಲೆ ಮೊದಲ ಸೆಲ್, ಕೊನೆಗೆ ಪೂರ್ತಿ ಉತ್ತರ. ಉತ್ತರ ತಪ್ಪಾಗುತ್ತದೆ ಅಂತ ನೀವೂ ಹೆದರಬೇಕಿಲ್ಲ. ನೇಟ್ ಕಾರ್ನೆಲ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದ ಹಾಗೆ, ಮೊದಲು ಪ್ರಯತ್ನಪಟ್ಟು ತಪ್ಪಿದರೂ ಆಮೇಲೆ ಸರಿ ಉತ್ತರ ನೋಡಿದರೆ, ಬರೀ ಓದಿದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ಹಾಗಾಗಿ "ಉತ್ತರ ತೋರಿಸಿ" ಬಟನ್ ಇರಲಿ, ಆದರೆ ಏನಾದರೂ ಒಂದು ಟೈಪ್ ಮಾಡಿದ ಮೇಲೆ ಮಾತ್ರ ಅದು ಒತ್ತಲು ಸಿಗಲಿ.