ಕಲ್ಪಿತ ಲೋಕದ ಆಟದಲ್ಲಿ ದೂರ ಮತ್ತು ತೂಕ: ಅಡಿಯೋ, ಮೀಟರೋ, ಮಾರೋ?

ಮಾನ್ಯರೇ,

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ನಿಯಮಗಳನ್ನು ಗೆಳೆಯರ ಒಂದು ಸಣ್ಣ ಬಳಗಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಮೇಜಿನ ಸುತ್ತ ಕುಳಿತು ಒಬ್ಬರು ಕಥೆಯನ್ನು ನಡೆಸುತ್ತ, ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಸಂದೇಹ ಬಂದಲ್ಲಿ ದಾಳ ಉರುಳಿಸಿ ತೀರ್ಮಾನಿಸುವ ಆಟವಿದು. ಐದನೆಯ ಆವೃತ್ತಿಯ ತಿರುಳು ನಿಯಮಗಳು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯೊಂದಿಗೆ ಹೊರಬಂದಿರುವುದರಿಂದ ಅನುವಾದಕ್ಕೆ ಕಾನೂನಿನ ತೊಡಕಿಲ್ಲ. ನಾನು ತೊಡಕಿಗೆ ಸಿಕ್ಕಿರುವುದು ಅಳತೆಯ ಪದಗಳಲ್ಲಿ.

ಮೂಲದಲ್ಲಿ ಎಲ್ಲವೂ ಅಡಿ, ಮೈಲಿ ಮತ್ತು ಪೌಂಡುಗಳಲ್ಲಿದೆ. ಸಾಮಾನ್ಯ ಮನುಷ್ಯನ ಪಾತ್ರ ತನ್ನ ಸರದಿಯಲ್ಲಿ 30 ಅಡಿ ನಡೆಯುತ್ತದೆ. ಬೆಂಕಿಯುಂಡೆಯ ಮಂತ್ರ 150 ಅಡಿ ದೂರದವರೆಗೆ ಹೋಗಿ 20 ಅಡಿ ತ್ರಿಜ್ಯದಲ್ಲಿ ಸಿಡಿಯುತ್ತದೆ. ಈ ಅಡಿಯೂ ಮೊದಲಿನಿಂದ ಬಂದದ್ದಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಮೊದಲ ನಿಯಮಗಳು ದೂರವನ್ನು ಅಂಗುಲದಲ್ಲಿ ಹೇಳುತ್ತಿದ್ದವು. ಸಣ್ಣ ಬೊಂಬೆಗಳನ್ನು ಮೇಜಿನ ಮೇಲೆ ಸಾಲುಗಟ್ಟಿಸಿ ಆಡುವ ಯುದ್ಧದಾಟದಿಂದ ಈ ಆಟ ಹುಟ್ಟಿದ್ದರಿಂದ ಮೇಜಿನ ಒಂದು ಅಂಗುಲವು ನೆಲಮಾಳಿಗೆಯೊಳಗೆ 10 ಅಡಿಯೂ ಬಯಲಿನಲ್ಲಿ 10 ಗಜವೂ ಆಗುತ್ತಿತ್ತು. 2008ರ ನಾಲ್ಕನೆಯ ಆವೃತ್ತಿ ಅಡಿಯನ್ನು ಬಿಟ್ಟು ಆಟದ ನಕ್ಷೆಯ ಮೇಲೆ ಗೆರೆ ಎಳೆದ ಚೌಕಗಳನ್ನೇ ಎಣಿಸಿತು. ಐದನೆಯದು ಮತ್ತೆ ಅಡಿಗೆ ಮರಳಿತು.

ಫ್ರೆಂಚ್, ಜರ್ಮನ್ ಮತ್ತು ಇಟಾಲಿಯನ್ ಅನುವಾದಕರು ಮೆಟ್ರಿಕ್ ಪದ್ಧತಿಯನ್ನು ಹಿಡಿದಿದ್ದಾರೆ. ಆಟದ ಚೌಕದ ಬದಿ 5 ಅಡಿ. ನಿಜವಾದ ಲೆಕ್ಕದಲ್ಲಿ ಅದು 1.524 ಮೀಟರ್ ಆಗಬೇಕು, ಅವರು ಅದನ್ನು 1.5 ಮೀಟರಿಗೆ ಇಳಿಸಿ, 30 ಅಡಿಯನ್ನು 9 ಮೀಟರ್ ಮಾಡಿದ್ದಾರೆ. ಅಡಿಯಲ್ಲಿ ಯೋಚಿಸುವವರು ಅಲ್ಲಿ ಇಲ್ಲವಾದ್ದರಿಂದ ಆ ತೀರ್ಮಾನ ಅವರಿಗೆ ಸರಿಯೇ. ನಾನೂ ಮೊದಲು ಅದೇ ದಾರಿ ಹಿಡಿದಿದ್ದೆ. ಆದರೆ ಮೊದಲ ಆಟದಲ್ಲಿಯೇ, "ರಾಕ್ಷಸನು ನಿಮ್ಮಿಂದ ಒಂಬತ್ತು ಮೀಟರ್ ದೂರದಲ್ಲಿದ್ದಾನೆ" ಎಂದು ನಾನು ಓದಿದಾಗ, ಹುಟ್ಟಿದಾಗಿನಿಂದ ಮೆಟ್ರಿಕ್ ಪಾಠವನ್ನೇ ಓದಿದ ಆಟಗಾರ್ತಿಯೊಬ್ಬರು "ಅಂದರೆ ಎಷ್ಟು ಅಡಿ?" ಎಂದು ಕೇಳಿದರು.

ಆ ಪ್ರಶ್ನೆಯೇ ನನ್ನನ್ನು ಈ ವಿಚಾರಕ್ಕೆ ಹಚ್ಚಿತು. ಭಾರತದಲ್ಲಿ ಮೆಟ್ರಿಕ್ ತೂಕ ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. ಅಂದಿನಿಂದ ಪ್ರಯಾಣ ಕಿಲೋಮೀಟರಿಗೂ ತರಕಾರಿ ಕಿಲೋಗೂ ಸಂಪೂರ್ಣವಾಗಿ ಒಗ್ಗಿಕೊಂಡಿವೆ. ಮೈಲಿ ಉಳಿದಿರುವುದು ಹಿರಿಯರ ಮಾತಿನಲ್ಲಿ ಮತ್ತು ಮೈಲಿಗಲ್ಲಿನಲ್ಲಿ, ಪೌಂಡನ್ನು ಕೇಕಿನ ಅಂಗಡಿಯ ಆಚೆ ಯಾರೂ ಕೇಳುವುದಿಲ್ಲ. ಆದರೆ ಆಳಿನ ಎತ್ತರ, ನಿವೇಶನದ ಉದ್ದಗಲ, ಕೊಳವೆಬಾವಿಯ ಆಳ, ಕೋಣೆಯ ಅಗಲ, ಇವೆಲ್ಲ ಇಂದಿಗೂ ಅಡಿಯಲ್ಲಿಯೇ ಇವೆ. ಬೆಂಗಳೂರಿನಲ್ಲಿ "ಮೂವತ್ತು ನಲವತ್ತು" ಎಂದರೆ ಅದು ಅಡಿಯೇ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕತ್ತಲೆಯ ಕೋಣೆಯೊಳಗೆ ಶತ್ರು ಎಷ್ಟು ದೂರವಿದ್ದಾನೆ ಎಂಬುದು ಕೋಣೆಯ ಅಳತೆಯೇ ಆಗಿರುವುದರಿಂದ ಕನ್ನಡದ ಕಿವಿ ಅಲ್ಲಿ ಅಡಿಯನ್ನು ನಿರೀಕ್ಷಿಸುತ್ತದೆ. ಹೀಗಾಗಿ ಎರಡು ಪದ್ಧತಿಗಳಲ್ಲಿ ಒಂದನ್ನು ಪೂರ್ತಿಯಾಗಿ ಆರಿಸಿಕೊಳ್ಳಬೇಕೆಂಬ ಕಟ್ಟು ನಮಗೆ ಹೊಂದುವುದಿಲ್ಲ. ಒಂದೊಂದು ಅಳತೆಯನ್ನೂ ಬೇರೆಬೇರೆಯಾಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕಾರಣವೂ ಇದೆ, ಮತ್ತು ನನಗೆ ಅದೇ ಮುಖ್ಯವಾದದ್ದು. 'ಅಡಿ' ಬ್ರಿಟಿಷರ ಅಳತೆಗೆ ನಾವು ಕೊಟ್ಟ ಹೆಸರಾಗಿದ್ದರೂ ಪದ ಅದಕ್ಕಿಂತ ಬಹಳ ಹಳೆಯದು. ಪಾದ, ಹೆಜ್ಜೆ, ಬುಡ, ಕೆಳಭಾಗ, ಪದ್ಯದ ಸಾಲು, ಇಷ್ಟೂ ಅರ್ಥಗಳು ಅದಕ್ಕಿವೆ; ತ್ರಿಪದಿಗೆ ಮೂರಡಿ, ಷಟ್ಪದಿಗೆ ಆರಡಿ. ವಾಮನನು ಬಲಿಯಲ್ಲಿ ಬೇಡಿದ ಮೂರಡಿ ನೆಲದಲ್ಲಿ ಅಡಿಯ ಉದ್ದವು ಅಳೆಯುವವನ ಪಾದದ ಉದ್ದವೇ ಆಗಿತ್ತು, ಆ ಪಾದ ಬೆಳೆದದ್ದರಿಂದಲೇ ಬಲಿ ಸೋತ. ಅಳತೆಯೊಂದು ದೇಹದಿಂದ ಹುಟ್ಟುತ್ತದೆಂಬ ಅರಿವು ಈ ಪದದೊಳಗೇ ಇರುವುದರಿಂದ ಕುಬ್ಜರೂ ದೈತ್ಯರೂ ಓಡಾಡುವ ಲೋಕದಲ್ಲಿ ಅದು ಪರಕೀಯವಾಗಿ ಕೇಳಿಸುವುದಿಲ್ಲ. ಮೀಟರಿಗೆ ಆ ಗುಣವಿಲ್ಲ; ಅದು 1790ರ ದಶಕದ ಫ್ರಾನ್ಸಿನಲ್ಲಿ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿ ನಿಶ್ಚಯಿಸಿದ ಮಾನ. ಸಂಧಿಯೂ ಅಡಿಯ ಪರವಾಗಿದೆ: ಆರಡಿ, ಹತ್ತಡಿ, ಮೂವತ್ತಡಿ ಎಂದು ಒಂದೇ ಉಸಿರಿನಲ್ಲಿ ಹೇಳಬಹುದು. ಒಂದೇ ತೊಂದರೆಯೆಂದರೆ "ಸೇತುವೆಯಿಂದ ಹತ್ತಡಿ ಅಡಿಯಲ್ಲಿ" ಎಂಬಂಥ ವಾಕ್ಯ. ಅಲ್ಲಿ 'ಕೆಳಗೆ' ಎಂದು ಬರೆದು ದಾಟಿದ್ದೇನೆ.

ಹಾಗಾದರೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಗೇಣು, ಮೊಳ, ಮಾರುಗಳನ್ನೇ ಏಕೆ ಬಳಸಬಾರದು ಎಂದು ಬಳಗದವರು ಕೇಳಿದರು. ಹೂವಾಡಗಿತ್ತಿಯರ ದಯೆಯಿಂದ ಮೊಳ, ಮಾರುಗಳು ಪೇಟೆಯಲ್ಲಿ ಇನ್ನೂ ಬದುಕಿವೆ. ಮೊಳವನ್ನು ಒಂದೂವರೆ ಅಡಿಯೆಂದೂ ನಾಲ್ಕು ಮೊಳಕ್ಕೆ ಒಂದು ಮಾರೆಂದೂ ಹಿಡಿದರೆ 30 ಅಡಿ ಐದು ಮಾರಾಗುತ್ತದೆ, 60 ಅಡಿ ಹತ್ತು ಮಾರಾಗುತ್ತದೆ, ಬೆಂಕಿಯುಂಡೆಯ 150 ಅಡಿ ಸರಿಯಾಗಿ ನೂರು ಮೊಳ. ಇಷ್ಟು ಚೆಂದವಾಗಿ ಕೂಡಿಬಂದದ್ದನ್ನು ಕಂಡು ಬಹಳ ಸಂತೋಷಪಟ್ಟೆ. ಆದರೆ ಆಟದ ತಳಹದಿಯಾದ 5 ಅಡಿಯ ಚೌಕ ಮೂರು ಮೊಳಕ್ಕೆ ಹೆಚ್ಚು, ನಾಲ್ಕು ಮೊಳಕ್ಕೆ ಕಡಿಮೆ. ಚೌಕವನ್ನೇ ಒಂದು ಮಾರೆಂದು ಹಿಗ್ಗಿಸಿದರೆ ಮೇಲಿನ ಅಂಕಿಗಳೆಲ್ಲ ಬದಲಾಗುತ್ತವೆ: 30 ಅಡಿಗೆ ಆರು ಚೌಕವಾದ್ದರಿಂದ ಐದು ಮಾರು ಆರಾಗುತ್ತದೆ. ಆದ್ದರಿಂದ ನಿಯಮದ ಪಠ್ಯದಲ್ಲಿ ಅಡಿಯನ್ನು ಉಳಿಸಿ, ಕಥೆ ಹೇಳುವವರ ಮಾತಿನಲ್ಲಿ ಮಾತ್ರ "ನಾಲ್ಕು ಮಾರು ದೂರ", "ಆಳೆತ್ತರದ ಗೋಡೆ", "ಕೂಗಳತೆಯಲ್ಲಿ ಒಂದು ಗುಡಿ" ಎಂಬ ಪ್ರಯೋಗಗಳನ್ನು ಸೂಚಿಸಿದ್ದೇನೆ.

ದಾರಿಯ ದೂರಕ್ಕೆ ಬಂದಾಗ ಹಳೆಯ ಪದವೇ ಗೆದ್ದಿತು. ನಿಯಮದಂತೆ ಸಾಮಾನ್ಯ ನಡಿಗೆಯಲ್ಲಿ ತಾಸಿಗೆ 3 ಮೈಲಿ, ದಿನಕ್ಕೆ 24 ಮೈಲಿ ಸಾಗಬಹುದು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಎಂದರೆ ತಾಸಿಗೆ ಒಂದು ಹರದಾರಿ, ದಿನಕ್ಕೆ ಎಂಟು ಹರದಾರಿ. ನಾಲ್ಕು ಹರದಾರಿಗೆ ಒಂದು ಗಾವುದವೆಂಬ ಲೆಕ್ಕವನ್ನು ಹಿಡಿದರೆ ದಿನಕ್ಕೆ ಎರಡು ಗಾವುದ. ಆಟಗಾರರು ಗುಣಾಕಾರವನ್ನೇ ಮಾಡಬೇಕಿಲ್ಲ. ಮೈಲಿಯನ್ನೂ ಕಿಲೋಮೀಟರನ್ನೂ ನಾನು ಸಂತೋಷದಿಂದ ಕೈಬಿಟ್ಟೆ.

ತೂಕಕ್ಕೆ ಪೌಂಡ್ ಸಲ್ಲದು. ಕಿಲೋ ಅಥವಾ ಸೇರು ಉಳಿಯುತ್ತವೆ. 80 ತೊಲದ ಸೇರು ಸುಮಾರು 933 ಗ್ರಾಂ, ಎಂದರೆ ಎರಡು ಪೌಂಡಿಗೆ ಬಹಳ ಹತ್ತಿರ. ಮೂಲದಲ್ಲಿ 50 ನಾಣ್ಯಕ್ಕೆ ಒಂದು ಪೌಂಡ್, ಆದ್ದರಿಂದ ನಮ್ಮಲ್ಲಿ ನೂರು ನಾಣ್ಯಕ್ಕೆ ಒಂದು ಸೇರು. ಆದರೆ ಸೇರು ಧಾನ್ಯವನ್ನು ಅಳೆಯುವ ಪಾತ್ರೆಯ ಹೆಸರೂ ಹೌದು, ಮತ್ತು ಅದರ ತೂಕ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. "ಕತ್ತಿ ಒಂದೂವರೆ ಸೇರು" ಎಂಬುದು ಓದುಗರಿಗೆ ಅಕ್ಕಿಯನ್ನು ನೆನಪಿಸುವುದೋ ಎಂಬ ಅಳುಕು ನನಗಿದೆ.

ಕೊನೆಯದಾಗಿ ಚೌಕದ ಹೆಸರು. ಚೌಕಾಬಾರದಲ್ಲಿಯೂ ಚದುರಂಗದಲ್ಲಿಯೂ ಕಾಯಿ ನಡೆಯುವ ಪ್ರತಿ ಚೌಕವನ್ನು ನಾವು 'ಮನೆ' ಎನ್ನುತ್ತೇವೆ. "ಆರು ಮನೆ ನಡೆ" ಎಂದರೆ ಮಕ್ಕಳಿಗೂ ತಿಳಿಯುತ್ತದೆ. ಆದರೆ ಊರಿನ ನಕ್ಷೆಯ ಮೇಲೆ ನಿಜವಾದ ಮನೆಗಳೂ ಇರುವಾಗ "ಮೂರು ಮನೆ ದಾಟಿ ಹೋದ" ಎಂಬ ಮಾತು ಎರಡು ಅರ್ಥ ಕೊಡುತ್ತದೆ. ಬೆಂಗಳೂರಿನ ಕಡೆ 'ಚದರ'ವೆಂದರೆ ನೂರು ಚದರಡಿಯ ಕಟ್ಟಡವೆಂಬ ಅರ್ಥ ಗಟ್ಟಿಯಾಗಿರುವುದರಿಂದ ಅದನ್ನೂ ತೆಗೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ಆದ್ದರಿಂದ ತಿಳಿದವರಲ್ಲಿ ಮೂರು ವಿಷಯಗಳನ್ನು ಕೇಳಿಕೊಳ್ಳುತ್ತೇನೆ. ಹೂವು, ಹಗ್ಗ ಮತ್ತು ಬಾವಿಯ ಆಳವನ್ನು ಬಿಟ್ಟು, ನೆಲದ ಮೇಲಿನ ದೂರಕ್ಕೆ 'ಮಾರು' ಎಂದು ಈಗಲೂ ನಿಮ್ಮ ಸೀಮೆಯ ಆಡುಮಾತಿನಲ್ಲಿ ಹೇಳುವುದುಂಟೇ? ಸೇರನ್ನು ಲೋಹದ ವಸ್ತುವಿನ ತೂಕಕ್ಕೆ ಬಳಸಿದ್ದನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿದ್ದೀರಾ? ಹಾಗೆಯೇ ಆಟದ ಹಲಗೆಯ ಚೌಕಕ್ಕೆ ಮನೆಯಲ್ಲದೆ ಬೇರೆ ಹೆಸರು ಕರಾವಳಿಯಲ್ಲಾಗಲಿ ಉತ್ತರ ಕರ್ನಾಟಕದಲ್ಲಾಗಲಿ ಇದ್ದರೆ, ಅದನ್ನು ಯಾವ ಆಟದಲ್ಲಿ ಹೇಗೆ ಹೇಳುತ್ತಾರೆಂಬ ಒಂದು ಪೂರ್ಣ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.