ವೇಗದ ದಂಡದ ನೋಟಿಸ್: ಅಳತೆ ಸರಿಯೇ ಎಂದು ನೀವು ಹೇಗೆ ನೋಡಿದಿರಿ?

ಗೋಣಿಕೊಪ್ಪದಿಂದ ಪ್ರಶ್ನೆ:
ಅಪ್ಪ, ಅಮ್ಮನನ್ನು ಕೂರಿಸಿಕೊಂಡು ಕುಶಾಲನಗರದಿಂದ ಸುಂಟಿಕೊಪ್ಪದ ಕಡೆಗೆ ಬರುತ್ತಿದ್ದೆ. ನಾಲ್ಕು ದಿನ ಕಳೆದ ಮೇಲೆ ಮೊಬೈಲ್‌ಗೆ ದಂಡದ ಸಂದೇಶ ಬಂತು. ಕಾರಿನ ವೇಗ 78 ಕಿ.ಮೀ. ಎಂದಿದೆ. ಅಷ್ಟು ಓಡಿಸಿದ ನೆನಪು ನನಗಿಲ್ಲ. ಹಣ ಕಟ್ಟುವ ಮೊದಲು ಪರಿಶೀಲಿಸಲು ದಾರಿಯಿದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸೋಮವಾರಪೇಟೆಯಿಂದ:
ಇ-ಚಲನ್ ಜಾಲತಾಣದಲ್ಲಿ ವಾಹನದ ಸಂಖ್ಯೆ ಕೊಟ್ಟು ಮೊದಲು ಚಿತ್ರ ತೆರೆಯಿರಿ. ನನ್ನ ಪ್ರಕರಣ ಇತ್ಯರ್ಥವಾದದ್ದು ಆ ಒಂದು ಚಿತ್ರದಿಂದಲೇ. ಕರಿಮೆಣಸಿನ ಮೂಟೆ ಹೇರಿಕೊಂಡು ಪಿಕಪ್‌ನಲ್ಲಿ ಏರು ಹತ್ತುತ್ತಿದ್ದೆ, ನೋಟಿಸ್‌ನಲ್ಲಿ 84 ಎಂದಿತ್ತು. ಆ ಏರಿನಲ್ಲಿ ಹೊರೆ ಹೊತ್ತ ನನ್ನ ಗಾಡಿ ಮೂರನೇ ಗೇರ್ ದಾಟುವುದೇ ಇಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಬಲಬದಿಯಿಂದ ಒಂದು ಕಾರು ನನ್ನನ್ನು ಹಿಂದಿಕ್ಕುತ್ತಿತ್ತು. ಪೊಲೀಸರು ವೇಗ ಅಳೆಯುವ ಲೇಸರ್ ಗನ್‌ನ ಗುರಿ ಎಲ್ಲಿತ್ತು ಎಂದು ತೋರಿಸುವ ಗುರುತು ಎರಡೂ ವಾಹನಗಳ ನಡುವೆ ನಿಂತಿತ್ತು.

ಲೇಸರ್ ಗನ್ ಬೆಳಕಿನ ಮಿಡಿತಗಳನ್ನು ವಾಹನದತ್ತ ಬಿಡುತ್ತದೆ. ಅವು ಮರಳಲು ಹಿಡಿದ ಕಾಲದಿಂದ ದೂರ, ದೂರ ಬದಲಾದ ಬಗೆಯಿಂದ ವೇಗ ಸಿಗುತ್ತದೆ. ಕಿರಣ ಮುಂದೆ ಹೋದಂತೆ ಅಗಲವಾಗುತ್ತದೆ. ಸಾಮಾನ್ಯ ಗನ್‌ಗಳಲ್ಲಿ 300 ಮೀಟರ್ ದೂರಕ್ಕೆ ಸುಮಾರು ಒಂದು ಮೀಟರ್. ಹಾಗಾಗಿ ಪಕ್ಕಪಕ್ಕದಲ್ಲಿ ಎರಡು ವಾಹನಗಳಿದ್ದರೆ ಯಾವುದರ ವೇಗ ಎಂಬ ಪ್ರಶ್ನೆ ನ್ಯಾಯವಾದದ್ದೇ. ಚಿತ್ರವನ್ನು ಮುದ್ರಿಸಿಕೊಂಡು ಹೋಗಿ ತೋರಿಸಿದೆ. ಅಧಿಕಾರಿ ತಾಳ್ಮೆಯಿಂದ ನೋಡಿದರು, ದಂಡ ರದ್ದಾಯಿತು.

ಇನ್ನೊಂದು ಮಾತು, ಇದನ್ನು ಬಹಳ ಜನ ಕೇಳುವುದೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮದ ಪ್ರಕಾರ ಇಂತಹ ಉಪಕರಣಕ್ಕೆ ಅನುಮೋದನಾ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ಅದರ ದಿನಾಂಕವನ್ನು ವಿನಯದಿಂದ ಕೇಳಿ. ಉಪಕರಣವೇ ಇಲ್ಲದೆ, ಒಬ್ಬರೇ ಕಣ್ಣಳತೆಯಲ್ಲಿ ಹೇಳಿದ ವೇಗವನ್ನಷ್ಟೇ ನಂಬಿ ಶಿಕ್ಷೆ ವಿಧಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 183ನೇ ಕಲಮು ಹೇಳುತ್ತದೆ.

ವಿರಾಜಪೇಟೆಯಿಂದ:
ಪೊಲೀಸರು ರಸ್ತೆಯ ಬದಿಯಲ್ಲಿ ಓರೆಯಾಗಿ ನಿಂತಿದ್ದರು ಎಂಬ ವಾದವನ್ನು ಮಾತ್ರ ಹೂಡಬೇಡಿ. ನಾನು ಹೂಡಿ ಸೋತಿದ್ದೇನೆ. ಓರೆಯಿಂದ ಹಿಡಿದರೆ ಗನ್ ನಿಜವೇಗಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ. 80ರಲ್ಲಿ ಹೋಗುವ ವಾಹನವನ್ನು 20 ಡಿಗ್ರಿ ಕೋನದಿಂದ ಅಳೆದರೆ 75 ಎಂದು ಬರುತ್ತದೆ. ಲಾಭವಾದದ್ದು ನನಗೇ ಎಂದು ಅಲ್ಲಿ ತಿಳಿಯಿತು, ದಂಡ ಕಟ್ಟಿ ಬಂದೆ.

ಮಡಿಕೇರಿಯಿಂದ:
ಮಂಜಿನ ವಾದವೂ ಹಾಗೆಯೇ. ನಮ್ಮ ಮಳೆಗಾಲದ ದಟ್ಟ ಮಂಜಿನಲ್ಲಿ ಲೇಸರ್ ದೂರದ ವಾಹನವನ್ನು ಹಿಡಿಯಲು ಸೋಲುತ್ತದೆ, ಹೆಚ್ಚಿನ ವೇಗವನ್ನು ಹುಟ್ಟಿಸುವುದಿಲ್ಲ. ಕಾರಿನಲ್ಲಿ ಜಿಪಿಎಸ್ ಇರುವ ಡ್ಯಾಶ್‌ಕ್ಯಾಮ್ ಇದ್ದರೆ ಆ ದಿನದ ದಾಖಲೆ ಅಳಿಯುವ ಮೊದಲು ತೆಗೆದಿಟ್ಟುಕೊಳ್ಳಿ.

ಗೋಣಿಕೊಪ್ಪದಿಂದ:
ಎಲ್ಲರಿಗೂ ಕೃತಜ್ಞತೆ. ಚಿತ್ರ ತೆರೆದೆ. ರಸ್ತೆಯಲ್ಲಿ ನನ್ನ ಕಾರು ಒಂದೇ ಇದೆ, ಗುರುತು ನಂಬರ್ ಪ್ಲೇಟ್ ಮೇಲೆಯೇ ಇದೆ. ಅಪ್ಪನನ್ನು ಕೇಳಿದೆ, ಆ ಇಳಿಜಾರಿನಲ್ಲಿ ನಿಧಾನ ಮಾಡು ಎಂದು ಎರಡು ಸಲ ಹೇಳಿದ್ದೆನಲ್ಲ ಎಂದರು. ಪ್ರಮಾಣಪತ್ರದ ದಿನಾಂಕವನ್ನು ನಾಳೆ ಹೋಗಿ ಕೇಳುತ್ತೇನೆ. ಅದು ಸರಿಯಿದ್ದರೆ ಅಲ್ಲೇ ಕಟ್ಟಿ ಬರುತ್ತೇನೆ.