ಒಪಿಯಾಯ್ಡ್ ಇಳಿಸಿ ಗಾಂಜಾ ಔಷಧಕ್ಕೆ ಬರುವುದು: ನೋವು ತಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ತಂದೆಯವರಿಗೆ 62 ವರ್ಷ. ಸಕ್ಕರೆ ಕಾಯಿಲೆಯಿಂದ ಪಾದಗಳಲ್ಲಿ ಉರಿ, ಸೂಜಿ ಚುಚ್ಚಿದಂಥ ನೋವು. ಎರಡು ವರ್ಷದಿಂದ ಟ್ರಾಮಡಾಲ್ 50 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲ ತಗೊಳ್ತಿದ್ದಾರೆ. ಮಲಬದ್ಧತೆ, ಹಗಲೆಲ್ಲ ತೂಕಡಿಕೆ. ನಾವಿರುವ ಕಡೆ ವೈದ್ಯರ ಚೀಟಿ ಇದ್ದರೆ ಗಾಂಜಾ ಎಣ್ಣೆ ಸಿಗುತ್ತೆ. 200 ಮಿ.ಗ್ರಾಂ ಟ್ರಾಮಡಾಲ್‌ಗೆ ಎಷ್ಟು ಎಣ್ಣೆ ಸಮ?

ನೋವು ಚಿಕಿತ್ಸಾ ವೈದ್ಯರು: ಇಲ್ಲಿ ಸಮ ಎನ್ನುವ ಲೆಕ್ಕವೇ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರಾಮಡಾಲ್ ಒಂದು ಒಪಿಯಾಯ್ಡ್, ಅಂದರೆ ಮಾರ್ಫಿನ್ ಜಾತಿಯ ನೋವುಶಾಮಕ. ಒಪಿಯಾಯ್ಡ್‌ಗಳನ್ನು ಒಂದರ ಜೊತೆ ಇನ್ನೊಂದನ್ನು ಹೋಲಿಸಬಹುದು. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ಕೊಟ್ಟ, ಮಾರ್ಫಿನ್ ಜೊತೆ ಹೋಲಿಸುವ ಪಟ್ಟಿಯಲ್ಲಿ ಟ್ರಾಮಡಾಲ್‌ನ ಗುಣಕ 0.2, ಆಕ್ಸಿಕೊಡೋನ್‌ನದು 1.5. ಆ ಪ್ರಕಾರ ನಿಮ್ಮ ತಂದೆಯವರು ತಗೊಳ್ಳುತ್ತಿರುವುದು ದಿನಕ್ಕೆ 40 ಮಿ.ಗ್ರಾಂ ಮಾರ್ಫಿನ್‌ನಷ್ಟು. (ಅಪಾಯ ಎಷ್ಟಿದೆ ಎಂದು ಅಂದಾಜು ಮಾಡಲು ಮಾತ್ರ ಈ ಗುಣಕ, ಮನೆಯಲ್ಲಿ ಔಷಧ ಬದಲಾಯಿಸಲು ಅಲ್ಲ.) ಇವೆಲ್ಲ ಮ್ಯೂ ಎಂಬ ಒಂದೇ ರಿಸೆಪ್ಟರ್ (ಜೀವಕೋಶದ ಮೇಲೆ ಔಷಧ ಬಂದು ಹಿಡಿಯುವ ಜಾಗ) ಮೇಲೆ ಕೆಲಸ ಮಾಡುವುದರಿಂದ ಹೋಲಿಕೆ ಸಾಧ್ಯ. ಗಾಂಜಾದಲ್ಲಿರುವ ಅಮಲಿನ ಅಂಶವಾದ ಟಿಎಚ್‌ಸಿ ಹಿಡಿಯುವುದು ಸಿಬಿ1 ರಿಸೆಪ್ಟರನ್ನು. ದಾರಿಯೇ ಬೇರೆ.

ಇದರಿಂದ ಒಂದು ಒಳ್ಳೆಯದಿದೆ, ಒಂದು ಕೆಟ್ಟದ್ದಿದೆ. ಉಸಿರಾಟ ನಡೆಸುವ ಮಿದುಳುಕಾಂಡದ ಭಾಗದಲ್ಲಿ ಸಿಬಿ1 ತೀರ ಕಡಿಮೆ, ಹಾಗಾಗಿ ಒಪಿಯಾಯ್ಡ್ ಅತಿಯಾದಾಗ ಉಸಿರು ನಿಲ್ಲುವಂತೆ ಟಿಎಚ್‌ಸಿಯಿಂದ ವಯಸ್ಕರಲ್ಲಿ ಆಗುವುದಿಲ್ಲ. ಆದರೆ ಎರಡು ವರ್ಷ ಟ್ರಾಮಡಾಲ್‌ಗೆ ಒಗ್ಗಿಕೊಂಡ ದೇಹಕ್ಕೆ ಅದು ತಪ್ಪಿದಾಗ ಬರುವ ವಿತ್‌ಡ್ರಾವಲ್ಲನ್ನು ಎಣ್ಣೆ ತಡೆಯುವುದೂ ಇಲ್ಲ. ಇವತ್ತು ಮಾತ್ರೆ ನಿಲ್ಲಿಸಿ ನಾಳೆ ಎಣ್ಣೆ ಶುರು ಮಾಡಿದರೆ ಬೆವರು, ಭೇದಿ, ಮೂಗು ಸೋರಿಕೆ, ಮೈ ನವಿರೇಳುವುದು, ನಿದ್ದೆಗೇಡು ಎಲ್ಲ ಬರುತ್ತವೆ. ಟ್ರಾಮಡಾಲ್ ಸೆರೊಟೊನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಮಿದುಳಿನ ರಾಸಾಯನಿಕಗಳ ಮೇಲೂ ಕೆಲಸ ಮಾಡುವುದರಿಂದ ವಿಪರೀತ ಗಾಬರಿ, ಕೈಕಾಲು ಜೋಮು ಕೂಡ ಸೇರಿಕೊಳ್ಳಬಹುದು. ಆಗ ಮನೆಯವರು "ಗಾಂಜಾ ಒಗ್ಗಲಿಲ್ಲ" ಎಂದು ಎಣ್ಣೆಯನ್ನೇ ದೂರುತ್ತಾರೆ.

ಸರಿಯಾದ ಕ್ರಮ ಹೀಗೆ: ಟ್ರಾಮಡಾಲ್ ಇದ್ದಂತೆಯೇ ಇರಲಿ. ಎಣ್ಣೆಯನ್ನು ಮೇಲಿಂದ ಸಣ್ಣ ಪ್ರಮಾಣದಲ್ಲಿ ಸೇರಿಸಿ, ನೆಲೆಗೊಳಿಸಿ. ಆಮೇಲಷ್ಟೇ ಟ್ರಾಮಡಾಲ್ ಇಳಿಸಲು ಶುರು. ಒಂದೇ ವಾರದಲ್ಲಿ ಎರಡು ಬದಲಾವಣೆ ಮಾಡಲೇಬೇಡಿ. ಮಾಡಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಇನ್ನೂ ಒಂದು ಮಾತು. ಸಕ್ಕರೆ ಕಾಯಿಲೆಯ ನರನೋವಿಗೆ ಡ್ಯುಲಾಕ್ಸೆಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್ ಮೊದಲ ಸಾಲಿನ ಔಷಧಗಳು. ಇವನ್ನು ಸರಿಯಾದ ಪ್ರಮಾಣದಲ್ಲಿ ನೋಡಿದ್ದಾರಾ? ನೋಡಿರದಿದ್ದರೆ ಗಾಂಜಾ ಮಾತು ಆಮೇಲೆ. ಡ್ಯುಲಾಕ್ಸೆಟಿನ್ ಅನ್ನು ಟ್ರಾಮಡಾಲ್ ನಡೆಯುತ್ತಿರುವಾಗ ನೀವಾಗಿಯೇ ಸೇರಿಸಬೇಡಿ. ಎರಡೂ ಸೆರೊಟೊನಿನ್ ಏರಿಸುತ್ತವೆ.

ಪ್ರಶ್ನೆ (ಅದೇ ಸದಸ್ಯರು): ಪ್ರಿಗಾಬಲಿನ್‌ನಿಂದ ಕಾಲು ಊದಿತು, ಅಮಿಟ್ರಿಪ್ಟಿಲಿನ್‌ನಿಂದ ಮೂತ್ರ ಕಟ್ಟಿತು, ಎರಡನ್ನೂ ಬಿಡಿಸಿದ್ದಾರೆ. ವೈದ್ಯರು ಎಣ್ಣೆಗೆ ಒಪ್ಪಿದ್ದಾರೆ. ಬಾಟಲಿ ಮೇಲೆ ಟಿಎಚ್‌ಸಿ 10 ಮಿ.ಗ್ರಾಂ/ಮಿ.ಲೀ, ಸಿಬಿಡಿ 10 ಮಿ.ಗ್ರಾಂ/ಮಿ.ಲೀ ಅಂತಿದೆ. ಎಷ್ಟು ಹನಿಯಿಂದ ಶುರು ಮಾಡೋದು?

ವೈದ್ಯರು: ಹನಿ ಲೆಕ್ಕ ಬಿಡಿ. ಎಣ್ಣೆಯ ಹನಿ ನೀರಿನ ಹನಿಯಷ್ಟಿರುವುದಿಲ್ಲ, ಡ್ರಾಪರಿನಿಂದ ಡ್ರಾಪರಿಗೂ ವ್ಯತ್ಯಾಸವಾಗುತ್ತದೆ. ಸೂಜಿಯಿಲ್ಲದ 1 ಮಿ.ಲೀ ಸಿರಿಂಜ್ ತಗೊಳ್ಳಿ. ಈ ಬಾಟಲಿಯಲ್ಲಿ 0.1 ಮಿ.ಲೀ ಅಂದರೆ 1 ಮಿ.ಗ್ರಾಂ ಟಿಎಚ್‌ಸಿ, 1 ಮಿ.ಗ್ರಾಂ ಸಿಬಿಡಿ (ಗಾಂಜಾದ ಇನ್ನೊಂದು ಅಂಶ, ಇದು ಅಮಲು ಬರಿಸುವುದಿಲ್ಲ). ನಿಮ್ಮ ತಂದೆಯವರ ವಯಸ್ಸಿಗೆ ಅಲ್ಲಿಂದಲೇ ಶುರು: ರಾತ್ರಿ ಊಟದ ನಂತರ ಒಂದೇ ಸಲ 0.1 ಮಿ.ಲೀ. ಒಂದು ವಾರ ಅಷ್ಟೇ. ತಲೆಸುತ್ತು, ಬೆಳಿಗ್ಗೆ ಮಂಪರು ಇಲ್ಲದಿದ್ದರೆ ಮುಂದಿನ ವಾರ 0.2. ಹೀಗೆ ವಾರಕ್ಕೆ 0.1 ಏರಿಸುತ್ತ ಹೋಗಿ. ರಾತ್ರಿಯ ಪ್ರಮಾಣ 5 ಮಿ.ಗ್ರಾಂ ಮುಟ್ಟುವಷ್ಟರಲ್ಲಿ ನಿದ್ದೆಯಲ್ಲಿ ಏನಾದರೂ ವ್ಯತ್ಯಾಸ ಕಾಣಬೇಕು. ಹಗಲಿನ ಪ್ರಮಾಣ ಬೇಕಾದರೆ ಆಮೇಲೆ, ಅದೂ ವೈದ್ಯರನ್ನು ಕೇಳಿ. ದಿನಕ್ಕೆ 40 ಮಿ.ಗ್ರಾಂ ಟಿಎಚ್‌ಸಿಯನ್ನು ಮೇಲಿನ ಗಡಿ ಎಂದು ತಜ್ಞರು ಇಟ್ಟುಕೊಂಡಿದ್ದಾರೆ. ಬಹಳ ಜನರಿಗೆ ಅದರ ಹತ್ತಿರಕ್ಕೂ ಹೋಗುವ ಅಗತ್ಯವಿಲ್ಲ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಕಾಯುವುದರಲ್ಲಿ. ನುಂಗಿದ ಎಣ್ಣೆ ಕೆಲಸ ಶುರು ಮಾಡಲು 1ರಿಂದ 2 ಗಂಟೆ ಬೇಕು, ಉಚ್ಚ ಮಟ್ಟಕ್ಕೆ 2ರಿಂದ 4 ಗಂಟೆ, ಪರಿಣಾಮ 6ರಿಂದ 8 ಗಂಟೆ. ಯಕೃತ್ತು ಟಿಎಚ್‌ಸಿಯನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಾಯಿಸುತ್ತದೆ, ಅದಕ್ಕೂ ಅಮಲು ಇದೆ. ಒಂದು ಗಂಟೆ ಕಾದು "ಏನೂ ಆಗಲಿಲ್ಲ" ಎಂದು ಇನ್ನೊಂದು ಸಲ ಕೊಟ್ಟರೆ ಮಧ್ಯರಾತ್ರಿ ಎರಡೂ ಒಟ್ಟಿಗೆ ಏರಿ ಎದೆಬಡಿತ, ಭಯ, ಗೊಂದಲ. ಆ ರಾತ್ರಿಗೆ ಒಂದೇ ಸಲ, ಮುಗಿಯಿತು.

ಊಟವೂ ಲೆಕ್ಕಕ್ಕೆ ಬರುತ್ತದೆ. ಜಿಡ್ಡಿನ ಊಟದ ಜೊತೆ ಸಿಬಿಡಿ ಖಾಲಿ ಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ರಕ್ತಕ್ಕೆ ಸೇರಬಲ್ಲದು. ಹಾಗಾಗಿ ದಿನವೂ ಒಂದೇ ರೀತಿ ತಗೊಳ್ಳಿ, ಒಂದು ದಿನ ಊಟದ ಮುಂಚೆ ಒಂದು ದಿನ ಆಮೇಲೆ ಬೇಡ. ಮೊದಲ ವಾರಗಳಲ್ಲಿ ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಕೂತು, ನಿಧಾನಕ್ಕೆ ನಿಲ್ಲಲಿ. ಟಿಎಚ್‌ಸಿ ರಕ್ತದೊತ್ತಡ ಇಳಿಸುತ್ತದೆ, ಪಾದಕ್ಕೆ ಸ್ಪರ್ಶ ಕಡಿಮೆ ಇರುವವರು ಬೇಗ ಬೀಳುತ್ತಾರೆ.

ಪ್ರಶ್ನೆ: ಎಣ್ಣೆಗಿಂತ ಸೇದಿದರೆ ಬೇಗ ಕೆಲಸ ಮಾಡುತ್ತೆ ಅಂತಾರಲ್ಲ ಸರ್?

ವೈದ್ಯರು: ಬೇಗ ಮಾಡುತ್ತದೆ, ನಿಮಿಷಗಳಲ್ಲಿ, ಆದರೆ 2ರಿಂದ 4 ಗಂಟೆಯಲ್ಲಿ ಇಳಿದುಹೋಗುತ್ತದೆ. ದಿನವಿಡೀ ಇರುವ ನೋವಿಗೆ ಈ ಏರಿಳಿತ ಒಳ್ಳೆಯದಲ್ಲ. ಪದೇಪದೇ ಬೇಕೆನಿಸಿ ಚಟಕ್ಕೆ ಹಾದಿಯಾಗುತ್ತದೆ. ಪ್ರಮಾಣ ಅಳೆಯುವುದೂ ಕಷ್ಟ: 20 ಶೇಕಡಾ ಟಿಎಚ್‌ಸಿ ಇರುವ ಹೂವಿನ ಒಂದು ಗ್ರಾಂನಲ್ಲಿ 200 ಮಿ.ಗ್ರಾಂ ಇರುತ್ತದೆ, ನಾವು ಮಾತಾಡುತ್ತಿರುವುದು 1 ಮಿ.ಗ್ರಾಂ ಬಗ್ಗೆ. ಹೊಗೆಯಲ್ಲಿ ಟಾರ್, ಕಾರ್ಬನ್ ಮೊನಾಕ್ಸೈಡ್ ಬೇರೆ. ಬೇಡ.

ಪ್ರಶ್ನೆ: ಅಮೆರಿಕದಲ್ಲಿ ಔಷಧವಾಗಿ ಗಾಂಜಾ ಕಾನೂನುಬದ್ಧವಾದ ರಾಜ್ಯಗಳಲ್ಲಿ ಒಪಿಯಾಯ್ಡ್ ಅತಿಯಾಗಿ ಆಗುವ ಸಾವು ಕಾಲು ಭಾಗ ಕಡಿಮೆ ಆಯ್ತು ಅಂತ ಓದಿದ್ದೆ. ಹಾಗಿದ್ದ ಮೇಲೆ ಎಲ್ಲರಿಗೂ ಯಾಕೆ ಕೊಡಬಾರದು?

ವೈದ್ಯರು: ನೀವು ಓದಿದ್ದು 2014ರ ಅಧ್ಯಯನ. 1999ರಿಂದ 2010ರವರೆಗಿನ ಅಂಕಿಗಳಲ್ಲಿ 24.8 ಶೇಕಡಾ ಕಡಿಮೆ ಕಂಡಿತ್ತು. ಅದೇ ವಿಧಾನವನ್ನು 2017ರವರೆಗೆ ವಿಸ್ತರಿಸಿ 2019ರಲ್ಲಿ ನೋಡಿದಾಗ ಸಂಬಂಧ ತಿರುಗಿಬಿತ್ತು, ಅಂಥ ರಾಜ್ಯಗಳಲ್ಲಿ ಸಾವು ಸುಮಾರು 23 ಶೇಕಡಾ ಹೆಚ್ಚು ಕಂಡಿತು. ಗಾಂಜಾ ಸಾವು ಹೆಚ್ಚಿಸಿತು ಎಂದು ಇದರರ್ಥವಲ್ಲ. ರಾಜ್ಯಗಳ ಸರಾಸರಿ ನೋಡಿ ಒಬ್ಬ ರೋಗಿ ಮಾತ್ರೆ ಬಿಟ್ಟನೋ ಇಲ್ಲವೋ ಎಂದು ಹೇಳಲಾಗದು, ಅಷ್ಟೇ. ರೋಗಿಗಳನ್ನೇ ಹಿಂಬಾಲಿಸಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಪಿಯಾಯ್ಡ್ ತಗೊಳ್ಳುತ್ತಿದ್ದ 1,514 ಜನ, ನಾಲ್ಕು ವರ್ಷ. ತಾವಾಗಿಯೇ ಗಾಂಜಾ ಬಳಸಿದವರಲ್ಲಿ ಒಪಿಯಾಯ್ಡ್ ಕಡಿಮೆಯಾದ ಪುರಾವೆ ಸಿಗಲಿಲ್ಲ.

ನೋವಿನ ಮೇಲಿನ ಪರಿಣಾಮ ನಿಜವಾದದ್ದೇ, ಆದರೆ ಸಣ್ಣದು. 2018ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಒಬ್ಬರಿಗೆ ನೋವು 30 ಶೇಕಡಾ ಇಳಿಯಲು 24 ಜನರಿಗೆ ಕೊಡಬೇಕಾಯಿತು, 6 ಜನರಲ್ಲಿ ಒಬ್ಬರಿಗೆ ಅಡ್ಡಪರಿಣಾಮ. ತಜ್ಞ ಸಂಸ್ಥೆಗಳೂ ಒಮ್ಮತದಲ್ಲಿಲ್ಲ: ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಕೊಡುವ ಸಂಸ್ಥೆ ನೈಸ್ 2019ರಲ್ಲಿ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬೇಡಿ ಎಂದಿತು. 2021ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ, ಬೇರೆ ಚಿಕಿತ್ಸೆ ಸಾಲದಿದ್ದಾಗ ಸೇದುವ ರೂಪ ಬಿಟ್ಟು ಉಳಿದ ರೂಪದಲ್ಲಿ ಪರೀಕ್ಷಿಸಿ ನೋಡಬಹುದು ಎಂದು ದುರ್ಬಲ ಶಿಫಾರಸು ಮಾಡಿತು. ನಾನು ಎರಡನೆಯದರ ಕಡೆ ವಾಲುತ್ತೇನೆ, ಆದರೆ ಗಡುವು ಇಟ್ಟುಕೊಂಡು. ಪ್ರಮಾಣ ನೆಲೆಗೊಂಡ ಮೇಲೆ 4ರಿಂದ 6 ವಾರದಲ್ಲಿ ನಡಿಗೆ, ನಿದ್ದೆ, ಮನೆಗೆಲಸ ಯಾವುದರಲ್ಲೂ ಏಳಿಗೆ ಕಾಣದಿದ್ದರೆ ನಿಲ್ಲಿಸಬೇಕು.

ಫಾರ್ಮಸಿಸ್ಟ್: ಡಾಕ್ಟ್ರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಎಣ್ಣೆಯ ಜೊತೆ ಬೇರೆ ಔಷಧಗಳ ಪಟ್ಟಿಯನ್ನು ಅಂಗಡಿಯಲ್ಲಿ ಕೇಳದಿದ್ದರೂ ನೀವೇ ತೋರಿಸಿ. ಸಿಬಿಡಿ ಯಕೃತ್ತಿನ ಹಲವು ಕಿಣ್ವಗಳನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ಳುವವರಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ) ಏರಬಹುದು, ಹಾಗಾಗಿ ಎಣ್ಣೆ ಶುರುವಾದ ವಾರದಲ್ಲೇ ಪರೀಕ್ಷೆ, ಪ್ರತಿ ಸಲ ಪ್ರಮಾಣ ಏರಿಸಿದಾಗಲೂ ಪರೀಕ್ಷೆ. ಕ್ಲೊಬಜಾಮ್, ಟ್ಯಾಕ್ರೊಲಿಮಸ್, ಮೆಥಡೋನ್ ಮಟ್ಟ ಏರಬಹುದು. ವಾಲ್‌ಪ್ರೊಯೇಟ್ ಜೊತೆ ಯಕೃತ್ತಿನ ಕಿಣ್ವಗಳು ಹೆಚ್ಚಾಗುತ್ತವೆ. ಕೊಡೀನ್ ಮತ್ತು ಟ್ರಾಮಡಾಲ್‌ನದು ಉಲ್ಟಾ ಸಮಸ್ಯೆ: ಇವೆರಡೂ ಪೂರ್ತಿ ಕೆಲಸ ಮಾಡಲು ಸಿವೈಪಿ2ಡಿ6 ಕಿಣ್ವದಿಂದ ಬದಲಾಗಬೇಕು. ಸಿಬಿಡಿ ಹೆಚ್ಚು ಪ್ರಮಾಣದಲ್ಲಿ ಆ ಕಿಣ್ವವನ್ನು ತಡೆದರೆ ಮಾತ್ರೆಯ ನೋವುಶಮನ ಕುಗ್ಗಬಹುದು. ನೋವು ಹೆಚ್ಚಾಯಿತೆಂದು ಮಾತ್ರೆ ಹೆಚ್ಚಿಸಬೇಡಿ, ಮೊದಲು ನಮ್ಮನ್ನು ಕೇಳಿ. ನಿದ್ದೆ ಮಾತ್ರೆ, ಗ್ಯಾಬಾಪೆಂಟಿನ್, ಮದ್ಯ ಇವುಗಳಲ್ಲಿ ಯಾವುದು ಸೇರಿದರೂ ಮಂಪರು ಕೂಡುತ್ತ ಹೋಗುತ್ತದೆ. ಒಪಿಯಾಯ್ಡ್ ಇನ್ನೂ ದೇಹದಲ್ಲಿದೆ ಎಂಬುದನ್ನು ಮರೆಯಬಾರದು. ಉಸಿರಿನ ಅಪಾಯ ಅಲ್ಲೇ ಇದೆ.

ಪ್ರಶ್ನೆ (ಮೊದಲ ಸದಸ್ಯರು): ಎಣ್ಣೆ ರಾತ್ರಿ 5 ಮಿ.ಗ್ರಾಂ ಟಿಎಚ್‌ಸಿಗೆ ಬಂದು ನಿಂತರೆ, ಟ್ರಾಮಡಾಲ್ ಹೇಗೆ ಇಳಿಸೋದು?

ವೈದ್ಯರು: ಎಣ್ಣೆಯ ಪ್ರಮಾಣ ಎರಡು ವಾರ ಬದಲಾಗದೆ ಇರಬೇಕು, ನಿದ್ದೆ ಅಥವಾ ನಡಿಗೆ ಸುಧಾರಿಸಿರಬೇಕು. ಇವೆರಡೂ ಆಗಿದ್ದರೆ ಚೀಟಿ ಬರೆದ ವೈದ್ಯರ ಒಪ್ಪಿಗೆ ಪಡೆದು ಶುರು ಮಾಡಿ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ತಗೊಂಡವರಿಗೆ ತಿಂಗಳಿಗೆ 10 ಶೇಕಡಾ ಅಥವಾ ಅದಕ್ಕಿಂತ ನಿಧಾನವೇ ಸುರಕ್ಷಿತ ವೇಗ. 200ಕ್ಕೆ 10 ಶೇಕಡಾ ಅಂದರೆ 20 ಮಿ.ಗ್ರಾಂ, ಅಂಥ ಮಾತ್ರೆ ಇಲ್ಲ. ನಡುವೆ ಗೀಟು ಇರುವ ಸಾದಾ 50 ಮಿ.ಗ್ರಾಂ ಮಾತ್ರೆಯನ್ನು ಅರ್ಧ ಮಾಡಿದರೆ 25. ಅದೇ ನಿಮ್ಮ ಮೊದಲ ಮೆಟ್ಟಿಲು. ಕ್ಯಾಪ್ಸೂಲ್ ಅರ್ಧ ಮಾಡಲಾಗದು. ಔಷಧವನ್ನು ನಿಧಾನಕ್ಕೆ ಬಿಡುವ ಎಸ್‌ಆರ್ ಮಾತ್ರೆಯನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ, ಪುಡಿ ಮಾಡಬೇಡಿ. 12 ಅಥವಾ 24 ಗಂಟೆಗೆ ಹಂಚಬೇಕಾದ ಔಷಧ ಒಂದೇ ಬಾರಿ ರಕ್ತಕ್ಕೆ ಬೀಳುತ್ತದೆ.

ಮೊದಲು ಮಧ್ಯಾಹ್ನದ ಮಾತ್ರೆ ಅರ್ಧ ಆಗಲಿ, ನಾಲ್ಕು ವಾರ. ಆಮೇಲೆ ಮಧ್ಯಾಹ್ನದ್ದು ಪೂರ್ತಿ ಬಿಡಲಿ, ಮತ್ತೆ ನಾಲ್ಕು ವಾರ. ನಂತರ ಸಂಜೆಯದು, ಬೆಳಗಿನದು. ರಾತ್ರಿಯದು ಕೊನೆಗೆ. ಎಚ್ಚರ ಬೇಕಾಗುವುದು ಕೊನೆಯ ಭಾಗದಲ್ಲೇ: 200ರಿಂದ 175ಕ್ಕೆ ಇಳಿಯುವುದು 12.5 ಶೇಕಡಾ, ಆದರೆ 50ರಿಂದ 25ಕ್ಕೆ ಇಳಿಯುವುದು ಅರ್ಧಕ್ಕೆ ಅರ್ಧ. ಅಲ್ಲಿಗೆ ಬಂದವರು ಆತುರಪಟ್ಟು ಎಡವುತ್ತಾರೆ. ಹನಿರೂಪದ ಟ್ರಾಮಡಾಲ್ ಸಿಗುವ ಕಡೆ 100ಕ್ಕಿಂತ ಕೆಳಗೆ ವೈದ್ಯರು ಅದಕ್ಕೆ ಬದಲಾಯಿಸಿ 10 ಮಿ.ಗ್ರಾಂನಷ್ಟು ಸಣ್ಣ ಹೆಜ್ಜೆ ಕೊಡಬಹುದು.

ಇಳಿಸಿದ ಎರಡು ಮೂರು ದಿನದಲ್ಲಿ ನೋವು ಏರಿ, ಜೊತೆಗೆ ಆಕಳಿಕೆ, ಬೆವರು, ಭೇದಿ ಇದ್ದರೆ ಅದು ಬಹುತೇಕ ವಿತ್‌ಡ್ರಾವಲ್. ವಾರದಲ್ಲಿ ತಗ್ಗುತ್ತದೆ. ತಡೆಯಲಾಗದಷ್ಟಿದ್ದರೆ ಹಿಂದಿನ ಮೆಟ್ಟಿಲಿಗೆ ಹೋಗಿ ಅಲ್ಲೇ ಇನ್ನೊಂದು ತಿಂಗಳು ನಿಲ್ಲಿ. ಅದಕ್ಕಿಂತ ಹಿಂದೆ ಹೋಗುವುದು ಬೇಡ. ಆ ತೊಂದರೆ ಮುಚ್ಚಲು ಎಣ್ಣೆ ಏರಿಸಲೂ ಬೇಡಿ, ಅದರ ಕೆಲಸ ಅದಲ್ಲ. ಮತ್ತೊಂದು ವಿಷಯ ಮನೆಯವರೆಲ್ಲರಿಗೂ ಗೊತ್ತಿರಲಿ: ಪ್ರಮಾಣ ಇಳಿದ ಮೇಲೆ ಔಷಧವನ್ನು ತಾಳಿಕೊಳ್ಳುವ ದೇಹದ ಶಕ್ತಿಯೂ ಇಳಿಯುತ್ತದೆ. ಒಂದು ಕೆಟ್ಟ ರಾತ್ರಿಯಲ್ಲಿ ಹಳೆಯ ಪ್ರಮಾಣವನ್ನೇ ತಗೊಂಡರೆ ಈಗ ಅದು ಅತಿಯಾಗಬಹುದು. ಒಪಿಯಾಯ್ಡ್ ಅತಿಯಾದಾಗ ಅದನ್ನು ತಡೆಯುವ ನಲಾಕ್ಸೋನ್ ಮೂಗಿನ ಸ್ಪ್ರೇ ಮನೆಯಲ್ಲಿರಲಿ, ಬಳಸುವುದನ್ನು ಇಬ್ಬರಾದರೂ ಕಲಿತಿರಲಿ. ಅದು ಟ್ರಾಮಡಾಲ್‌ನ ಪರಿಣಾಮವನ್ನು ಭಾಗಶಃ ಮಾತ್ರ ತಿರುಗಿಸುತ್ತದೆ, ಸ್ಪ್ರೇ ಕೊಟ್ಟ ಕೂಡಲೇ ಆಂಬುಲೆನ್ಸ್ ಕರೆಯಲೇಬೇಕು.

ಪೂರ್ತಿ ಬಿಡಲು ಆಗದೆ 100ರಲ್ಲಿ ನಿಂತು, ಮಲಬದ್ಧತೆ ಹೋಗಿ, ಹಗಲು ಎಚ್ಚರವಾಗಿದ್ದರೆ ಅದೂ ಒಳ್ಳೆಯ ಫಲಿತಾಂಶವೇ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಮೂಳೆಗೆ ಹರಡಿದ ಕ್ಯಾನ್ಸರ್, ಮಾರ್ಫಿನ್ ಮೇಲಿದ್ದಾರೆ. ಅವರಿಗೂ ಹೀಗೇ ಇಳಿಸಬಹುದಾ ಡಾಕ್ಟ್ರೇ?

ವೈದ್ಯರು: ಬೇಡಮ್ಮ. ಅಂಥ ನೋವಿಗೆ ಮಾರ್ಫಿನ್ ಸರಿಯಾದ ಔಷಧ, ಅದನ್ನು ಕಿತ್ತುಕೊಳ್ಳಲು ಕಾರಣವಿಲ್ಲ. ಮಾರ್ಫಿನ್ ಸಾಲದ ಕ್ಯಾನ್ಸರ್ ನೋವಿಗೆ ಟಿಎಚ್‌ಸಿ-ಸಿಬಿಡಿ ಸ್ಪ್ರೇ ನಬಿಕ್ಸಿಮೋಲ್ಸ್ ಸೇರಿಸಿ ನೋಡಿದ ದೊಡ್ಡ ಮೂರನೇ ಹಂತದ ಪರೀಕ್ಷೆಗಳು ಮುಖ್ಯ ಗುರಿ ತಲುಪಲಿಲ್ಲ. ಕೀಮೋದಿಂದ ವಾಕರಿಕೆ ಇದ್ದು ಬೇರೆ ಔಷಧ ಸಾಲದಿದ್ದರೆ ಟಿಎಚ್‌ಸಿ ಜಾತಿಯ ಔಷಧಗಳಾದ ನ್ಯಾಬಿಲೋನ್ ಅಥವಾ ಡ್ರೊನಾಬಿನಾಲ್ ಬಗ್ಗೆ ಕ್ಯಾನ್ಸರ್ ವೈದ್ಯರನ್ನು ಕೇಳಿ. ಎರಡಕ್ಕೂ ಅಮೆರಿಕದಲ್ಲಿ 1985ರಲ್ಲಿ ಅದಕ್ಕಾಗಿ ಅನುಮತಿ ಸಿಕ್ಕಿತ್ತು. ಮೂಳೆ ನೋವಿಗೆ ರೇಡಿಯೇಷನ್ ಕೊಡಿಸಿದ್ದಾರಾ ಎಂದೂ ಕೇಳಿ, ಕೆಲವೊಮ್ಮೆ ಒಂದೇ ಸಲದ ರೇಡಿಯೇಷನ್ ಬಹಳ ನೆಮ್ಮದಿ ಕೊಡುತ್ತದೆ.

ಪ್ರಶ್ನೆ: ಗಾಂಜಾ ಎಣ್ಣೆ ಯಾರಿಗೆ ಕೊಡಲೇಬಾರದು?

ವೈದ್ಯರು: ಸ್ಕಿಜೋಫ್ರೀನಿಯಾದಂಥ ಮನೋರೋಗ ಸ್ವಂತಕ್ಕೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಇದ್ದವರು, ಗರ್ಭಿಣಿಯರು, ಹಾಲೂಡಿಸುವವರು, ಇತ್ತೀಚೆಗೆ ಹೃದಯಾಘಾತ ಆದವರು ಅಥವಾ ಹೃದಯದ ಲಯ ಸ್ಥಿರವಿಲ್ಲದವರು ಟಿಎಚ್‌ಸಿಯಿಂದ ದೂರವಿರಬೇಕು. 25 ವರ್ಷದ ಒಳಗಿನವರಿಗೆ ತುಂಬ ಯೋಚಿಸಿ. ತಗೊಳ್ಳುವವರು ವಾಹನ ಓಡಿಸಬಾರದು. ತಿಂಗಳುಗಟ್ಟಲೆ ಬಳಸಿದವರಿಗೆ ಪದೇಪದೇ ವಾಂತಿಯಾಗಿ ಬಿಸಿನೀರ ಸ್ನಾನದಿಂದ ಮಾತ್ರ ಸಮಾಧಾನವಾಗುತ್ತಿದ್ದರೆ ಎಣ್ಣೆಯೇ ಕಾರಣವಿರಬಹುದು, ನಿಲ್ಲಿಸಿ ವೈದ್ಯರಲ್ಲಿ ಹೋಗಿ. ಒಂದು ದೇಶದ ಚೀಟಿ ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ, ಬಾಟಲಿ ಹಿಡಿದು ಗಡಿ ದಾಟುವುದು ಗಂಭೀರ ಅಪರಾಧವಾಗಬಹುದು.

ಪ್ರಶ್ನೆ (ಮೊದಲ ಸದಸ್ಯರು): ಇಳಿಸುತ್ತ ಹೋದಂತೆ ಉಳಿಯುವ ಟ್ರಾಮಡಾಲ್ ಮಾತ್ರೆಗಳನ್ನು ತುರ್ತಿಗೆ ಅಂತ ಇಟ್ಟುಕೊಳ್ಳಲಾ?

ಫಾರ್ಮಸಿಸ್ಟ್: ಬೇಡಿ. ಹೆಚ್ಚು ಉಳಿಯದಂತೆ ಎರಡು ವಾರಕ್ಕಾಗುವಷ್ಟೇ ಬರೆದುಕೊಡಲು ವೈದ್ಯರಿಗೆ ಹೇಳಿ. ಉಳಿದದ್ದನ್ನು ಹಿಂದಕ್ಕೆ ಪಡೆಯುವ ಔಷಧಾಲಯಕ್ಕೆ ಕೊಡಿ. ಎಣ್ಣೆ, ಮಾತ್ರೆ ಎರಡನ್ನೂ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಮಕ್ಕಳು ನುಂಗಿದರೆ ಟಿಎಚ್‌ಸಿ ಕೂಡ ಪ್ರಜ್ಞೆ ತಪ್ಪಿಸಿ ಉಸಿರು ಕುಗ್ಗಿಸಬಲ್ಲದು, ದೊಡ್ಡವರಿಗೆ ಹೇಳಿದ ಸುರಕ್ಷತೆಯ ಮಾತು ಅವರಿಗೆ ಅನ್ವಯಿಸುವುದಿಲ್ಲ.